ನಾಳೆ ಬೆಳಿಗ್ಗೆ ಏನು ಕಲಿಸುತ್ತೀರಿ?

ಈ ಕಾಲೇಜಿನಲ್ಲಿ ನಾನು ವಿಶೇಷ ಶಿಕ್ಷಕರ ತರಬೇತಿ ಪಡೆದದ್ದು 1996-97ನೇ ಸಾಲಿನಲ್ಲಿ. ಆ ವರ್ಷವಿಡೀ ನಮ್ಮ ಮನೋವಿಜ್ಞಾನದ ಮೇಷ್ಟ್ರು ಹಾಜರಿ ಕರೆಯದೆ ಪಾಠ ಆರಂಭಿಸಿದ್ದು ಒಂದೇ ಒಂದು ದಿನ. ಅಂದು ಅವರ ಕೈಯಲ್ಲಿ ಹಾಜರಿ ಪುಸ್ತಕವಿರಲಿಲ್ಲ. ಗ್ರಂಥಾಲಯದ ಮೊಹರು ಬಿದ್ದ, ಬೆನ್ನಿಗೆ ಕಂದು ಕಾಗದ ಅಂಟಿಸಿದ ಒಂದು ದಪ್ಪ ಪಠ್ಯಪುಸ್ತಕವಿತ್ತು. ಅದನ್ನು ಮೇಜಿನ ಮೇಲಿಟ್ಟು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, ‘ಇದನ್ನು ಬರೆದವರು ಜುಲೈ ತಿಂಗಳಲ್ಲಿ ತೀರಿಕೊಂಡರಂತೆ. ತೊಂಬತ್ತೊಂದು ವರ್ಷವಾಗಿತ್ತು. ಸುದ್ದಿ ನಮ್ಮವರೆಗೆ ಬರುವುದಕ್ಕೆ ಇಷ್ಟು ದಿನ ಹಿಡಿಯಿತು’ ಎಂದರು. ಅಮೆರಿಕದ ವಿಶೇಷ ಶಿಕ್ಷಣ ತಜ್ಞ ಸ್ಯಾಮ್ಯುಯೆಲ್ ಕರ್ಕ್ ಅವರ ಹೆಸರನ್ನು ನಾನು ಮೊದಲು ಕೇಳಿದ್ದು ಹಾಗೆ. ಆಮೇಲಿನ ಮೂರು ವಾರ ಪಠ್ಯಕ್ರಮ ಬದಿಗೆ ಸರಿಯಿತು. ಮೇಷ್ಟ್ರು ಆ ಒಬ್ಬ ಮನುಷ್ಯನ ವೃತ್ತಿಜೀವನವನ್ನೇ ಪಾಠ ಮಾಡಿದರು.

ಈ ಸಂಚಿಕೆಗೆ ಹಳೆಯ ವಿದ್ಯಾರ್ಥಿಯಾಗಿ ಏನಾದರೂ ಬರೆಯಬೇಕೆಂದು ಕೇಳಿಕೆ ಬಂದಾಗ ನಿವೃತ್ತರಾಗಿರುವ ಮೇಷ್ಟ್ರಿಗೆ ಫೋನ್ ಮಾಡಿ, ಅವರ ಬಗ್ಗೆಯೇ ಬರೆಯುವೆನೆಂದು ಹೇಳಿದ್ದೆ. ತಮ್ಮ ಹೆಸರು ಅಚ್ಚಾಗುವುದು ಬೇಡವೆಂದು ಖಡಾಖಂಡಿತವಾಗಿ ಹೇಳಿದ ಅವರು, ಬರೆಯುವುದಾದರೆ ಕರ್ಕ್ ಬಗ್ಗೆ ಬರೆ, ಅವರನ್ನು ಈಗಿನ ಹುಡುಗರು ಪರೀಕ್ಷೆಗೆ ಎರಡು ಸಾಲು ಉರುಹೊಡೆದು ಮರೆಯುತ್ತಾರೆ ಎಂದರು. ಆ ಮಾತಿಗೆ ಬದ್ಧನಾಗಿ ಬರೆಯುತ್ತಿದ್ದೇನೆ, ಮೇಷ್ಟ್ರು ನಡುನಡುವೆ ನುಸುಳಿ ಬಂದರೆ ಅದು ನನ್ನ ತಪ್ಪಲ್ಲ.

ಕರ್ಕ್ ಹುಟ್ಟಿದ್ದು 1904ರಲ್ಲಿ, ಅಮೆರಿಕದ ಉತ್ತರ ಡಕೋಟಾ ರಾಜ್ಯದ ರಗ್ಬಿ ಎಂಬ ಊರಿನಲ್ಲಿ, ಒಕ್ಕಲುತನದ ಮನೆ. ಹುಡುಗನಾಗಿದ್ದಾಗಲೇ, ಹಗಲೆಲ್ಲ ಹೊಲದಲ್ಲಿ ದುಡಿದು ಬಂದ ಕೂಲಿಯಾಳುಗಳನ್ನು ಸಂಜೆ ಕೂರಿಸಿಕೊಂಡು ಓದಲು ಕಲಿಸುತ್ತಿದ್ದರಂತೆ. ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನ ಓದುವಾಗ ಹೊಟ್ಟೆಪಾಡಿಗೆ ಅವರು ಹಿಡಿದ ಕೆಲಸ ಆ ನಗರದ ಹತ್ತಿರದ ಓಕ್ ಫಾರೆಸ್ಟ್ ಎಂಬಲ್ಲಿ, ಅಪರಾಧದ ದಾರಿ ಹಿಡಿದವರೆಂದೂ ಬುದ್ಧಿಮಾಂದ್ಯರೆಂದೂ ಎರಡೆರಡು ಮುದ್ರೆ ಬಿದ್ದ ಹುಡುಗರ ವಸತಿ ಶಾಲೆಯಲ್ಲಿ. ಮಧ್ಯಾಹ್ನ ಪಾಠ, ಸಂಜೆ ಆಟ, ರಾತ್ರಿ ದಾದಿಯರ ಜೊತೆ ಸೇರಿ ಹುಡುಗರನ್ನು ಮಲಗಿಸುವುದು, ಇದು ಅವರ ದಿನಚರಿ.

ಅಲ್ಲಿನ ಒಂದು ಪ್ರಸಂಗವನ್ನು ಮೇಷ್ಟ್ರು ಹೇಳಿದ ರೀತಿ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹತ್ತು ವರ್ಷದ ಒಬ್ಬ ಹುಡುಗನ ಕಡತದಲ್ಲಿ ‘ಪದಾಂಧತೆ’ (ಕಣ್ಣು ಸರಿಯಿದ್ದೂ ಬರೆದ ಪದವನ್ನು ಓದಲಾಗದಿರುವುದು) ಎಂಬ ಅರ್ಥದ ಪದವೊಂದನ್ನು ಕರ್ಕ್ ನೋಡಿದರು. ಅವರಿಗೂ ಅದು ಹೊಸದು. ಆ ವಿಷಯದ ಮೇಲೆ ಸಿಕ್ಕಿದ್ದನ್ನೆಲ್ಲ ಹುಡುಕಿ ಓದಿದರು. ಪದದ ಮೇಲೆ ಬೆರಳಾಡಿಸುತ್ತಾ, ಬಾಯಲ್ಲಿ ಹೇಳುತ್ತಾ ಕಲಿಸುವ ಗ್ರೇಸ್ ಫರ್ನಾಲ್ಡ್ ಅವರ ವಿಧಾನದ ಪರಿಚಯವೂ ಆಗಲೇ ಆಯಿತು. ರಾತ್ರಿ ಒಂಬತ್ತಕ್ಕೆ ಉಳಿದವರೆಲ್ಲ ಮಲಗಿದ ಮೇಲೆ ಆ ಹುಡುಗ ಸದ್ದಿಲ್ಲದೆ ಹಾಸಿಗೆಯಿಂದ ಎದ್ದು ಬರುತ್ತಿದ್ದ. ಎರಡು ಮಲಗುವ ಕೋಣೆಗಳ ನಡುವಿನ ಕಿರಿದಾದ ಜಾಗದಲ್ಲಿ, ಶೌಚಾಲಯದ ಬಾಗಿಲಲ್ಲಿ ಇಬ್ಬರೂ ಕೂರುತ್ತಿದ್ದರು. ಏಳು ತಿಂಗಳಲ್ಲಿ ಹುಡುಗ ಮೂರನೇ ತರಗತಿಯ ಮಟ್ಟಕ್ಕೆ ಓದುವಂತಾದ. ಅವನನ್ನು ಅಲ್ಲಿಂದ ಬಿಡುಗಡೆ ಮಾಡಿ ಸಾಮಾನ್ಯ ಶಾಲೆಗೆ ಕಳಿಸಲಾಯಿತು. ಓದಲು ಬಾರದ ಮಗುವಿಗೆ ತಾನು ಮೊದಲು ಪಾಠ ಹೇಳಿದ್ದು ಶಾಲೆಯಲ್ಲಲ್ಲ, ಚಿಕಿತ್ಸಾಲಯದಲ್ಲಲ್ಲ, ಪ್ರಯೋಗಶಾಲೆಯಲ್ಲೂ ಅಲ್ಲ, ಹುಡುಗರ ಶೌಚಾಲಯದಲ್ಲಿ ಎಂದು ಕರ್ಕ್ ಮುಂದೆ ನೆನಪಿಸಿಕೊಳ್ಳುತ್ತಿದ್ದರು. ಇಷ್ಟು ಹೇಳಿ ಮೇಷ್ಟ್ರು ನಮ್ಮ ಕಡೆ ತಿರುಗಿ, ‘ಕಡತದಲ್ಲಿ ಹೆಸರು ಆಗಲೇ ಇತ್ತು. ಹುಡುಗ ಓದಿದ್ದು ಆ ಹೆಸರಿನಿಂದಲೋ, ರಾತ್ರಿ ಒಂಬತ್ತಕ್ಕೆ ಬಾಗಿಲಲ್ಲಿ ಕೂತದ್ದರಿಂದಲೋ?’ ಎಂದು ಕೇಳಿದರು. ನಾವು ಯಾರೂ ಉತ್ತರಿಸಲಿಲ್ಲ. ಪ್ರಶ್ನೆ ತೀರಾ ಸುಲಭವಾಗಿತ್ತು. ಸುಲಭದ ಪ್ರಶ್ನೆ ಕೇಳುವಾಗ ಮೇಷ್ಟ್ರು ಏನೋ ಹೊಂಚು ಹಾಕಿರುತ್ತಾರೆಂಬುದು ನಮಗೆ ಗೊತ್ತಿತ್ತು.

ಮುಂದಿನ ಕೆಲವು ವರ್ಷಗಳನ್ನು ಅವರು ಬೇಗ ಬೇಗ ದಾಟಿಸಿದರು, ನಾನೂ ಹಾಗೇ ಮಾಡುತ್ತೇನೆ. ಮಿಷಿಗನ್‌ನ ತರಬೇತಿ ಶಾಲೆಯೊಂದರಲ್ಲಿ ದುಡಿಯುತ್ತಲೇ ಕರ್ಕ್ 1935ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು, ಅದೂ ಇಲಿಗಳ ಮಿದುಳಿನ ಮೇಲಿನ ಅಧ್ಯಯನಕ್ಕೆ. ಅದೇ ವರ್ಷ ಮಿಲ್ವಾಕಿಯ ಶಿಕ್ಷಕರ ಕಾಲೇಜಿಗೆ ಸೇರಿದರು. 1947ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯಕ್ಕೆ ಬಂದರು. ಇಪ್ಪತ್ತು ವರ್ಷ ಅಲ್ಲಿದ್ದು, ವಿಶೇಷ ಮಕ್ಕಳ ಬಗೆಗಿನ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿ ಬೆಳೆಸಿದರು.

ಇಲಿನಾಯ್‌ನಲ್ಲಿ ಅವರು ಮಾಡಿದ ಪ್ರಯೋಗದ ಮೇಲೆ ಮೇಷ್ಟ್ರು ಎರಡು ಪೂರ್ತಿ ತರಗತಿ ನಿಂತರು. ಬುದ್ಧಿಮಟ್ಟ ಹುಟ್ಟಿನಿಂದಲೇ ನಿಗದಿಯಾಗಿರುತ್ತದೆ, ಅದನ್ನು ಅಳೆಯಬಹುದೇ ಹೊರತು ಅಲುಗಿಸಲಾಗದು ಎಂಬ ನಂಬಿಕೆ ಆಗ ಬಲವಾಗಿತ್ತು. 1949ರಲ್ಲಿ ಕರ್ಕ್ ಬುದ್ಧಿಮಾಂದ್ಯರೆಂದು (ಇದು ಆ ಕಾಲದ ಪದ, ನಮ್ಮ ತರಬೇತಿಯ ಪ್ರಮಾಣಪತ್ರದಲ್ಲೂ ಅದೇ ಇತ್ತು) ಗುರುತಿಸಲಾದ ಶಾಲಾಪೂರ್ವ ವಯಸ್ಸಿನ ಮಕ್ಕಳಿಗಾಗಿ ಶಾಲೆ ತೆರೆದರು. ಒಟ್ಟು 81 ಮಕ್ಕಳನ್ನು ಕೆಲವು ವರ್ಷಗಳ ಕಾಲ ಹಿಂಬಾಲಿಸಿ ನೋಡಿದರು. ಅವರಲ್ಲಿ 43 ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ದೊರೆಯಿತು, ಉಳಿದವರಿಗೆ ಇಲ್ಲ. 1958ರಲ್ಲಿ ಹೊರಬಂದ ಫಲಿತಾಂಶದಲ್ಲಿ, ಬೇಗ ಕಲಿಸಲಾರಂಭಿಸಿದ ಮಕ್ಕಳಲ್ಲಿ ಹೆಚ್ಚಿನವರು ಮೇಲೇರಿದ್ದರು. ಬಡ ಮಕ್ಕಳಿಗಾಗಿ ಅಮೆರಿಕ ಸರ್ಕಾರ 1965ರಲ್ಲಿ ಹೆಡ್ ಸ್ಟಾರ್ಟ್ ಕಾರ್ಯಕ್ರಮ ಆರಂಭಿಸಿದಾಗ, ಎಳವೆಯ ಶಿಕ್ಷಣದಿಂದ ಪ್ರಯೋಜನವಿದೆ ಎಂದು ತೋರಿಸುವುದಕ್ಕೆ ಇಂಥ ಅಧ್ಯಯನಗಳು ಕೈಗೆ ಸಿಕ್ಕವು. ಆದರೆ ಮೇಷ್ಟ್ರಿಗೆ ಫಲಿತಾಂಶಕ್ಕಿಂತ ಆ ವರದಿಯಲ್ಲಿ ಮಕ್ಕಳ ಬಗ್ಗೆ ಒಂದೊಂದಾಗಿ ಬರೆದ ವಿವರಗಳೇ ಹೆಚ್ಚು ಪ್ರಿಯ.

ಈಗ ನನ್ನ ಒಂದು ತಪ್ಪನ್ನು ಹೇಳಬೇಕು, ಯಾಕೆಂದರೆ ಕರ್ಕ್ ಅವರ ಅತಿ ಪ್ರಸಿದ್ಧ ಭಾಷಣ ನನಗೆ ಅರ್ಥವಾದದ್ದು ಅದರಿಂದ.

ಅಭ್ಯಾಸ ಪಾಠಕ್ಕೆ ನನ್ನನ್ನು ಒಂದು ಪ್ರಾಥಮಿಕ ಶಾಲೆಗೆ ಹಾಕಿದ್ದರು. ಮೂರನೇ ತರಗತಿಯಲ್ಲಿ ಒಬ್ಬ ಹುಡುಗ ಬಾಯಿಲೆಕ್ಕದಲ್ಲಿ ಚುರುಕು, ಕಥೆ ಹೇಳುವುದರಲ್ಲಿ ಎಲ್ಲರಿಗಿಂತ ಮುಂದು. ಪುಸ್ತಕ ತೆರೆದರೆ ಮಾತ್ರ ಬೆವರುತ್ತಿದ್ದ. ನಮ್ಮ ಕಾಲೇಜಿನಲ್ಲಿ ಕರ್ಕ್ ಪಾಠ ಆಗಷ್ಟೇ ನಡೆಯುತ್ತಿತ್ತು. ನಾನು ಹಿಂದುಮುಂದು ನೋಡದೆ ನನ್ನ ರೆಕಾರ್ಡ್ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ‘ಕಲಿಕಾ ನ್ಯೂನತೆ’ (ಬುದ್ಧಿ, ಕಣ್ಣು, ಕಿವಿ ಸರಿಯಿದ್ದೂ ಓದು ಬರಹ ಹತ್ತದ ತೊಡಕು) ಎಂದು ಬರೆದು ಅಡಿಗೆರೆ ಹಾಕಿದೆ. ಅಷ್ಟಕ್ಕೇ ನಿಲ್ಲದೆ ಅವನ ತರಗತಿ ಶಿಕ್ಷಕಿಗೂ ಆ ಪದವನ್ನು ವಿವರಿಸಿ ಹೇಳಿದೆ. ಅವರು ಒಳ್ಳೆಯವರು. ಪಾಪ, ಮಗುವಿಗೆ ತೊಂದರೆ ಕೊಡಬಾರದೆಂದು ಮರುದಿನದಿಂದ ಅವನಿಗೆ ಓದಿಸುವುದನ್ನೇ ಬಿಟ್ಟರು. ಅವನ ಸರದಿ ಬಂದಾಗ ಪಕ್ಕದವನನ್ನು ಎಬ್ಬಿಸುತ್ತಿದ್ದರು. ವಾರದ ಕೊನೆಗೆ ಹುಡುಗ ನನ್ನ ಹತ್ತಿರ ಬಂದು, ‘ಸರ್, ನಾನಿನ್ನು ಓದೋದು ಬೇಡ್ವಂತೆ, ಹೌದಾ?’ ಎಂದು ಕೇಳಿದ. ಅವನ ದನಿಯಲ್ಲಿ ದುಃಖವಿರಲಿಲ್ಲ, ಒಂದು ಬಗೆಯ ನಿರಾಳವಿತ್ತು. ನನಗೆ ಹೆಚ್ಚು ಚುಚ್ಚಿದ್ದು ಅದೇ.

ರೆಕಾರ್ಡ್ ನೋಡಿದ ಮೇಷ್ಟ್ರು ಬೈಯಲಿಲ್ಲ. ಅಡಿಗೆರೆ ಹಾಕಿದ ಪದದ ಮೇಲೆ ಪೆನ್ಸಿಲ್ ಇಟ್ಟು, ‘ಸರಿ, ಹೆಸರಿಟ್ಟಾಯಿತು. ನಾಳೆ ಬೆಳಿಗ್ಗೆ ಹತ್ತು ಗಂಟೆಗೆ ಹುಡುಗ ನಿಮ್ಮ ಎದುರಿಗೆ ಬಂದು ಕೂರುತ್ತಾನೆ. ಏನು ಕಲಿಸುತ್ತೀರಿ?’ ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಅವನು ಯಾವ ಅಕ್ಷರ ಓದಬಲ್ಲ, ಎಲ್ಲಿ ಮುಗ್ಗರಿಸುತ್ತಾನೆ ಎಂಬುದನ್ನು ನಾನು ನೋಡಿಯೇ ಇರಲಿಲ್ಲ.

ಮರುದಿನದ ತರಗತಿಯಲ್ಲಿ ಅವರು 1963ರ ಏಪ್ರಿಲ್ 6ಕ್ಕೆ ಬಂದರು. ಅಂದು ಷಿಕಾಗೋದಲ್ಲಿ ಅಮೆರಿಕದ ಬೇರೆ ಬೇರೆ ಕಡೆಗಳಿಂದ ತಂದೆತಾಯಂದಿರು ಸೇರಿದ್ದರು. ಕಣ್ಣು ಕಿವಿ ಸರಿಯಾಗಿದ್ದು, ಬುದ್ಧಿಯೂ ಚೆನ್ನಾಗಿದ್ದು, ಆದರೂ ಓದು ಬರಹ ಹತ್ತದ ಮಕ್ಕಳ ಪೋಷಕರು ಅವರು. ಅದೇ ಮಗುವನ್ನು ಒಬ್ಬ ವೈದ್ಯ ಮಿದುಳಿಗೆ ಪೆಟ್ಟುಬಿದ್ದ ಮಗು ಎಂದರೆ, ಇನ್ನೊಬ್ಬರು ಗ್ರಹಿಕೆಯ ದೋಷ ಎನ್ನುತ್ತಿದ್ದರು, ಮತ್ತೊಬ್ಬರು ಡಿಸ್ಲೆಕ್ಸಿಯಾ ಎನ್ನುತ್ತಿದ್ದರು. ಹೆಸರುಗಳು ಹತ್ತು, ಸೇರಿಸಿಕೊಳ್ಳುವ ತರಗತಿ ಒಂದೂ ಇಲ್ಲ. ಕರ್ಕ್ ಅಲ್ಲಿ ಹೇಳಿದ್ದರ ಸಾರ ಇಷ್ಟು: ಈ ಹೆಸರುಗಳಲ್ಲಿ ಕೆಲವು ಕಾರಣವನ್ನು ಹೇಳುತ್ತವೆ, ಕೆಲವು ವರ್ತನೆಯನ್ನು ಹೇಳುತ್ತವೆ, ಒಂದು ಹೆಸರು ಸಿಕ್ಕಿದ ಕೂಡಲೇ ನಮಗೆ ಸಮಾಧಾನವಾಗುತ್ತದೆ, ಆದರೆ ಮಿದುಳಿನಲ್ಲಿ ಏನಾಗಿದೆ ಎಂಬ ಊಹೆಯಿಂದ ಮಗುವಿಗೆ ಹೇಗೆ ಕಲಿಸಬೇಕೆಂಬುದು ತಿಳಿಯುವುದಿಲ್ಲ. ಇದನ್ನು ಹೇಳುತ್ತಾ, ಭಾಷೆ, ಮಾತು, ಓದು ಮತ್ತು ಅವಕ್ಕೆ ಹೊಂದಿಕೊಂಡ ಸಂವಹನ ಕೌಶಲಗಳ ಬೆಳವಣಿಗೆಯಲ್ಲಿ ತೊಡಕುಳ್ಳ ಮಕ್ಕಳಿಗೆ ತಾನು ಈಚೆಗೆ ‘ಲರ್ನಿಂಗ್ ಡಿಸೆಬಿಲಿಟಿ’ (ಕಲಿಕಾ ನ್ಯೂನತೆ) ಎಂಬ ಪದ ಬಳಸುತ್ತಿದ್ದೇನೆ, ಕುರುಡು ಕಿವುಡಿನಂಥ ಇಂದ್ರಿಯ ದೋಷವಿರುವವರೂ ಬುದ್ಧಿಮಾಂದ್ಯರೂ ಇದರಲ್ಲಿ ಸೇರುವುದಿಲ್ಲ ಎಂದೂ ತಿಳಿಸಿದರು.

ಸಭೆ ಆ ಎಚ್ಚರಿಕೆಯನ್ನು ಅಲ್ಲೇ ಬಿಟ್ಟು ಪದವನ್ನು ಎತ್ತಿಕೊಂಡಿತು. ಪೋಷಕರು ತಾವು ಕಟ್ಟಲಿದ್ದ ಸಂಘಕ್ಕೆ ಅದನ್ನೇ ಇಟ್ಟರು. ಹೆಸರುಗಳನ್ನು ನಂಬಬೇಡಿ ಎಂದು ಹೇಳಲು ಹೋದವರ ಕೈಯಿಂದಲೇ ಜನ ಹೆಸರನ್ನು ಕಿತ್ತುಕೊಂಡು ಹೋದರು ಎಂದು ಮೇಷ್ಟ್ರು ನಕ್ಕಾಗ ನಾನು ತಲೆ ತಗ್ಗಿಸಿದ್ದೆ. ಆದರೂ ಆ ಪೋಷಕರನ್ನು ಹಗುರವಾಗಿ ಕಾಣಲು ನನಗೆ ಮನಸ್ಸಾಗುವುದಿಲ್ಲ. ‘ನಿಮ್ಮ ಮಗ ಸೋಮಾರಿ’, ‘ನೀವು ಬೆಳೆಸಿದ್ದು ಸರಿಯಿಲ್ಲ’ ಎಂಬ ಮಾತುಗಳನ್ನೇ ಕೇಳಿ ದಣಿದಿದ್ದವರಿಗೆ, ಅಪವಾದವಿಲ್ಲದ ಒಂದು ಹೆಸರು ಸಿಕ್ಕಿದ್ದು ಸಣ್ಣ ಸಂಗತಿಯಲ್ಲ. ಮೇಷ್ಟ್ರು ಇದನ್ನು ಒಪ್ಪುತ್ತಿದ್ದರೋ ಇಲ್ಲವೋ, ನಾನು ಅಂದು ಕೇಳುವ ಸ್ಥಿತಿಯಲ್ಲಿರಲಿಲ್ಲ.

ಆ ಹುಡುಗನ ಬಳಿಗೆ ನಾನು ಮತ್ತೆ ಹೋದದ್ದು ಅಕ್ಷರದ ಕಾರ್ಡುಗಳನ್ನು ಹಿಡಿದುಕೊಂಡು. ಎರಡು ದಿನ ಬರೀ ಕೇಳಿಸಿಕೊಂಡೆ. ‘ಮರ’, ‘ಸರ’, ‘ಹಗಲು’ ಅವನಿಗೆ ಬರುತ್ತಿದ್ದವು. ‘ಅಕ್ಕ’ ಎಂಬುದು ‘ಅಕ’ ಆಗುತ್ತಿತ್ತು, ‘ಕಲ್ಲು’ ಎಂಬುದು ‘ಕಲು’. ಅಕ್ಷರದ ಕೆಳಗೆ ಇನ್ನೊಂದು ಅಕ್ಷರವಿದೆ ಎಂಬುದೇ ಅವನ ಗಮನಕ್ಕೆ ಬೀಳುತ್ತಿರಲಿಲ್ಲ. ಗುಣಿತದಲ್ಲಿ ‘ಕೊ’, ‘ಕೋ’ ಎರಡೂ ಒಂದೇ. ಮರಳು ಹರಡಿದ ತಟ್ಟೆಯಲ್ಲಿ ಒತ್ತಕ್ಷರವನ್ನು ಬೆರಳಿನಿಂದ ತೀಡಿಸಿ, ತೀಡುವಾಗಲೇ ಪದವನ್ನು ಪೂರ್ತಿ ಹೇಳಿಸುತ್ತಾ ಹೋದೆ. ಅಭ್ಯಾಸ ಪಾಠ ಮುಗಿಯುವ ಹೊತ್ತಿಗೆ ಅವನಿಗೆ ಏಳು ಒತ್ತಕ್ಷರಗಳು ಕೂತಿದ್ದವು. ಅದಕ್ಕಿಂತ ಹೆಚ್ಚಿನ ಪವಾಡವೇನೂ ನಡೆಯಲಿಲ್ಲ. ತರಗತಿ ಶಿಕ್ಷಕಿ ಅವನ ಸರದಿಯನ್ನು ಅವನಿಗೇ ಕೊಡಲಾರಂಭಿಸಿದರು ಎಂಬುದೊಂದನ್ನು ಬಿಟ್ಟರೆ.

ಕರ್ಕ್ ಅವರ ಸರ್ಕಾರಿ ಸೇವೆಗೆ ಬರುತ್ತೇನೆ. ಅಧ್ಯಕ್ಷ ಕೆನಡಿಯವರ ತಂಗಿ ರೋಸ್‌ಮೇರಿ ಬೌದ್ಧಿಕ ನ್ಯೂನತೆಯುಳ್ಳವರಾಗಿದ್ದರು. ಆ ಮನೆಯ ನೋವಿಗೂ ಆ ಸರ್ಕಾರದ ಆಸಕ್ತಿಗೂ ಸಂಬಂಧವಿತ್ತು. 1958ರ ಕಾನೂನಿನಂತೆ ವಿಶೇಷ ಶಿಕ್ಷಕರ ತರಬೇತಿಗೆ ವಿಶ್ವವಿದ್ಯಾಲಯಗಳಿಗೆ ಸಿಗುತ್ತಿದ್ದ ಕೇಂದ್ರದ ಹಣ ಬುದ್ಧಿಮಾಂದ್ಯ ಮಕ್ಕಳ ವಿಭಾಗಕ್ಕೆ ಸೀಮಿತವಾಗಿತ್ತು. 1963ರ ಅಕ್ಟೋಬರ್ 31ರಂದು ಕೆನಡಿ ಸಹಿ ಹಾಕಿದ ಕಾನೂನು ಅದನ್ನು ಕಿವುಡು, ಅಂಧತ್ವ, ಮಾತಿನ ದೋಷ, ತೀವ್ರ ಭಾವನಾತ್ಮಕ ತೊಂದರೆ, ಅಂಗವೈಕಲ್ಯ ಮೊದಲಾದ ವಿಭಾಗಗಳಿಗೂ ವಿಸ್ತರಿಸಿ, ಸಂಶೋಧನೆಗೂ ಹಣ ಒದಗಿಸಿತು. ಅದನ್ನು ಜಾರಿಗೆ ತರಲು ಕೇಂದ್ರ ಶಿಕ್ಷಣ ಕಚೇರಿಯಲ್ಲಿ ತೆರೆದ ಹೊಸ ವಿಭಾಗಕ್ಕೆ ಕರ್ಕ್ ನಿರ್ದೇಶಕರಾದರು. ಸಹಿ ಬಿದ್ದು ತಿಂಗಳು ತುಂಬುವ ಮೊದಲೇ ಕೆನಡಿಯವರ ಹತ್ಯೆಯಾಯಿತು. ಕಾನೂನಿನ ಆ ಪಟ್ಟಿಯಲ್ಲಿ, ಅದೇ ವರ್ಷ ಕರ್ಕ್ ಅವರ ಬಾಯಿಂದ ಹೊರಟು ಜನರ ಬಾಯಿಗೆ ಬಿದ್ದಿದ್ದ ಕಲಿಕಾ ನ್ಯೂನತೆ ಇರಲಿಲ್ಲ ಎಂಬುದನ್ನು ಮೇಷ್ಟ್ರು ಹಲಗೆಯ ಮೇಲೆ ಬರೆದು ತೋರಿಸಿದರು.

ಒಂದು ವರ್ಷ ತುಂಬುವ ಮೊದಲೇ ಕರ್ಕ್ ಆ ಹುದ್ದೆ ಬಿಟ್ಟು ಇಲಿನಾಯ್‌ಗೆ ಮರಳಿದರು. ಅಷ್ಟು ದೊಡ್ಡ ಅಧಿಕಾರ ಕೈಗೆ ಬಂದಾಗ ಇನ್ನಷ್ಟು ಕಾಲ ಇರಬೇಕಿತ್ತು ಎಂದು ನಾನು ವಾದಿಸಿದ್ದೆ, ಈಗಲೂ ನನ್ನ ಅಭಿಪ್ರಾಯ ಅದೇ. ಕುರ್ಚಿಯಲ್ಲಿ ಕೂತಿರುವುದೊಂದೇ ಸೇವೆಯಲ್ಲ ಎಂದು ಮೇಷ್ಟ್ರು ಮರುನುಡಿದರು. ಇಲಿನಾಯ್‌ನ ಅದೇ ಸಂಸ್ಥೆಯಲ್ಲಿ ಕರ್ಕ್ ಜೊತೆ ಕೆಲಸ ಮಾಡಿದ ಜೇಮ್ಸ್ ಗ್ಯಾಲಹರ್ 1967ರಲ್ಲಿ ವಾಷಿಂಗ್ಟನ್‌ನಲ್ಲಿ ತೆರೆದ ವಿಕಲಚೇತನರ ಶಿಕ್ಷಣ ಬ್ಯೂರೋದ ಮೊದಲ ಮುಖ್ಯಸ್ಥರಾದದ್ದನ್ನು ಅವರು ಸಾಕ್ಷಿಯಾಗಿ ತಂದರು. ಕರ್ಕ್ ಕೂಡ ಸರ್ಕಾರವನ್ನು ಪೂರ್ತಿ ಬಿಡಲಿಲ್ಲ. ಅವರ ಅಧ್ಯಕ್ಷತೆಯ ರಾಷ್ಟ್ರೀಯ ಸಲಹಾ ಸಮಿತಿ 1968ರಲ್ಲಿ ನಿರ್ದಿಷ್ಟ ಕಲಿಕಾ ನ್ಯೂನತೆಗೆ ಒಂದು ವ್ಯಾಖ್ಯೆ ಕೊಟ್ಟಿತು. ಎಲ್ಲ ವಿಕಲಚೇತನ ಮಕ್ಕಳಿಗೂ ಉಚಿತವಾದ ಸೂಕ್ತ ಶಿಕ್ಷಣ ಕೊಡಬೇಕೆಂದು ವಿಧಿಸಿದ 1975ರ ಅಮೆರಿಕದ ಕಾನೂನಿಗೆ ಅದೇ ವ್ಯಾಖ್ಯೆ ಹೆಚ್ಚುಕಡಿಮೆ ಹಾಗೆಯೇ ಇಳಿದು ಬಂತು. ನಾವು ಈಗ ಐಇಪಿ ಎಂದು ಕರೆದು ಪ್ರತಿ ಮಗುವಿಗೂ ಬರೆಯುವ ವೈಯಕ್ತಿಕ ಶಿಕ್ಷಣ ಯೋಜನೆಯನ್ನು ಕಡ್ಡಾಯ ಮಾಡಿದ ಕಾನೂನೂ ಅದೇ.

ಮೇಷ್ಟ್ರು ಕರ್ಕ್ ಅವರನ್ನು ದೇವರ ಗೂಡಿನಲ್ಲಿ ಕೂರಿಸಲಿಲ್ಲ. ಪತ್ನಿ ವಿನಿಫ್ರೆಡ್ ಮತ್ತು ಸಹೋದ್ಯೋಗಿ ಜೇಮ್ಸ್ ಮೆಕಾರ್ಥಿ ಜೊತೆ ಸೇರಿ ಕರ್ಕ್ ರೂಪಿಸಿದ ಇಲಿನಾಯ್ ಪರೀಕ್ಷೆ (ಐಟಿಪಿಎ) 1961ರಲ್ಲಿ ಪ್ರಾಯೋಗಿಕವಾಗಿ, 1968ರಲ್ಲಿ ಪರಿಷ್ಕೃತವಾಗಿ ಹೊರಬಂದು ಒಂದು ಕಾಲಕ್ಕೆ ಎಲ್ಲೆಡೆ ಹರಡಿತ್ತು. ಮಗು ಕೇಳಿದ್ದನ್ನು, ಕಂಡದ್ದನ್ನು ಹೇಗೆ ಒಳಗೆ ತೆಗೆದುಕೊಳ್ಳುತ್ತದೆ, ಹೇಗೆ ಹೊಂದಿಸುತ್ತದೆ, ಹೇಗೆ ಹೊರಗೆಡವುತ್ತದೆ ಎಂಬುದನ್ನು ಬಿಡಿಬಿಡಿಯಾಗಿ ಅಳೆದು, ಕುಗ್ಗಿದ ಭಾಗವನ್ನು ತಿದ್ದಬೇಕೆಂಬುದು ಅದರ ಹಿಂದಿನ ಯೋಚನೆ. ಆದರೆ 1974ರ ಹೊತ್ತಿಗೆ, ಹಾಗೆ ಬಿಡಿ ಸಾಮರ್ಥ್ಯಗಳನ್ನು ತಿದ್ದಿದರೆ ಓದು ಸುಧಾರಿಸುತ್ತದೆ ಎಂಬುದಕ್ಕೆ ಪುರಾವೆ ಸಾಲದು ಎಂಬ ವಿಮರ್ಶೆಗಳು ಬಂದವು. ಓದು ಬರಬೇಕಾದರೆ ಓದನ್ನೇ ಕಲಿಸಬೇಕು ಎಂಬುದು ಆ ವಿಮರ್ಶೆಗಳ ತಿರುಳು. ಮೇಷ್ಟ್ರು ಅವುಗಳನ್ನೂ ನಮ್ಮಿಂದ ಓದಿಸಿದರು. ಶೌಚಾಲಯದ ಬಾಗಿಲಲ್ಲಿ ಕೂತ ಯುವಕನಿಗೆ ಇದು ಮೊದಲೇ ಗೊತ್ತಿತ್ತು, ಪ್ರೊಫೆಸರ್ ಆದ ಮೇಲೆ ಮರೆತಿರಬೇಕು ಎಂಬ ಅವರ ಮಾತಿನಲ್ಲಿ ಪ್ರೀತಿ ಎಷ್ಟಿತ್ತೋ ಕುಟುಕೂ ಅಷ್ಟೇ ಇತ್ತು.

ಹೆಸರು ಮುಂದೆ ಏನಾಯಿತು ಎಂಬುದನ್ನು ಕರ್ಕ್ ತಮ್ಮ ಕಣ್ಣಾರೆ ಕಂಡರು. 1976-77ರಲ್ಲಿ ಅಮೆರಿಕದ ಶಾಲೆಗಳಲ್ಲಿ ಸುಮಾರು 8 ಲಕ್ಷ ಮಕ್ಕಳು ಕಲಿಕಾ ನ್ಯೂನತೆಯ ಪಟ್ಟಿಯಲ್ಲಿದ್ದರೆ, ತೊಂಬತ್ತರ ದಶಕದ ಆರಂಭಕ್ಕೆ ಆ ಸಂಖ್ಯೆ 20 ಲಕ್ಷ ದಾಟಿತ್ತು. ಕರ್ಕ್ ಸಹೋದ್ಯೋಗಿಯೊಬ್ಬರೊಂದಿಗೆ ಸೇರಿ 1975ರಷ್ಟು ಹಿಂದೆಯೇ ಇಂಥ ಮಕ್ಕಳ ಸೇವಾ ಕೇಂದ್ರಗಳನ್ನು ಪರಿಶೀಲಿಸಿ, ಅಲ್ಲಿರುವ ಎಷ್ಟೋ ಮಕ್ಕಳು ಬೇರೆ ಬೇರೆ ಕಾರಣಕ್ಕೆ ಓದಿನಲ್ಲಿ ಹಿಂದುಳಿದವರೇ ಹೊರತು ಈ ವ್ಯಾಖ್ಯೆಗೆ ಸೇರುವವರಲ್ಲ ಎಂದು ಬರೆದಿದ್ದರು. ಅರವತ್ತರ ದಶಕದ ಕೊನೆಗೆ ಅರಿಝೋನಾ ವಿಶ್ವವಿದ್ಯಾಲಯಕ್ಕೆ ಹೋದ ಅವರು ಕೊನೆಯವರೆಗೂ ಟೂಸಾನ್‌ನಲ್ಲೇ ನೆಲೆಸಿದರು.

ನಾವು ತರಬೇತಿ ಪಡೆಯುತ್ತಿದ್ದಾಗ ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆ ಹೊಸದು. ಅದರಲ್ಲಿ ಏಳು ಬಗೆಯ ನ್ಯೂನತೆಗಳಿದ್ದವು; ಕಲಿಕಾ ನ್ಯೂನತೆ ಇರಲಿಲ್ಲ. ಮೇಷ್ಟ್ರು ಆ ಪಟ್ಟಿಯನ್ನೂ 1963ರ ಅಮೆರಿಕದ ಪಟ್ಟಿಯ ಪಕ್ಕದಲ್ಲೇ ಹಲಗೆಯ ಮೇಲೆ ಬರೆದು, ಇನ್ನೊಂದಿಪ್ಪತ್ತು ವರ್ಷವಾದರೂ ಬೇಕು ಎಂದಿದ್ದರು. 2016ರ ಕಾಯಿದೆಯ 21 ನ್ಯೂನತೆಗಳ ಪಟ್ಟಿಯಲ್ಲಿ ಅದು ಸೇರಿದ ದಿನ ಅವರಿಗೆ ಫೋನ್ ಮಾಡಿದೆ. ಒಳ್ಳೆಯದಾಯಿತು ಎಂದರು, ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ಹಳೆಯ ಪ್ರಶ್ನೆಯನ್ನು ಮತ್ತೆ ಕೇಳಿದರು.

ಈಗ ನಾನು ತಾಲ್ಲೂಕಿನ ಬಿಐಇಆರ್‌ಟಿ. ಅಂದರೆ ನ್ಯೂನತೆಯುಳ್ಳ ಮಕ್ಕಳಿಗೆ ನೆರವಾಗುವ ಸಂಪನ್ಮೂಲ ಶಿಕ್ಷಕ, ಶಾಲೆಯಿಂದ ಶಾಲೆಗೆ ಅಲೆಯುವ ಕೆಲಸ. ನಮೂನೆಗಳಲ್ಲಿ ನ್ಯೂನತೆಯ ಹೆಸರು ಬರೆಯಲು ಒಂದು ಅಂಕಣವಿರುತ್ತದೆ. ಅದನ್ನು ತುಂಬದಿದ್ದರೆ ಮಗುವಿಗೆ ಪರೀಕ್ಷೆಯ ರಿಯಾಯಿತಿಯಿಲ್ಲ, ಆದ್ದರಿಂದ ತುಂಬುತ್ತೇನೆ. ಷರಾ ಬರೆಯಲು ಬಿಟ್ಟಿರುವ ಜಾಗ ಎರಡು ಬೆರಳಷ್ಟು ಅಗಲ, ಸಾಲುವುದಿಲ್ಲ, ಹಾಗಾಗಿ ಒಂದು ಹಾಳೆಯನ್ನು ಗುಂಡುಪಿನ್ನಿನಿಂದ ಸೇರಿಸುತ್ತೇನೆ. ಕಳೆದ ವಾರ ಹಾಗೆ ಸೇರಿಸಿದ ಹಾಳೆಯ ಮೊದಲ ಸಾಲು ಹೀಗಿದೆ: ‘ಸರಳಾಕ್ಷರದ ಪದಗಳನ್ನು ತಡವರಿಸದೆ ಓದುತ್ತಾಳೆ, “ಬೆಟ್ಟ”ವನ್ನು “ಬೆಟ” ಎಂದು ಓದಿ, ಮರಳಿನಲ್ಲಿ ತೀಡಿದ ಮೇಲೆ ತಾನೇ ತಿದ್ದಿಕೊಂಡಳು, ನಾಳೆ “ಹಣ್ಣು”, “ಕಣ್ಣು”.’